ಗಂಗಾವತಿಯಲ್ಲಿಲ್ಲದ ಸೋದರಮಾವ

ಅಪರಿಚಿತರು ಯಾವೂರು, ಯಾರ ಮಗಳು ಎಂದು ಕೇಳಿದರೆ ನನಗೆ ಯಾರೋ ನನ್ನ ಕಪಾಟಿನ ಬಾಗಿಲು ತೆಗೆದಂತಾಗುತ್ತದೆ. ಒಳಗೆ ಬಚ್ಚಿಡುವಂಥದ್ದೇನೂ ಇಲ್ಲ. ಮಡಚಿಟ್ಟ ನಾಲ್ಕು ಚೂಡಿದಾರ, ಒಂದು ಎಂ.ಎಸ್ಸಿ. ಪ್ರಮಾಣಪತ್ರ. ಆದರೂ ಬಾಗಿಲು ತೆಗೆಯುವವಳು ನಾನೇ ಆಗಿರಬೇಕು. ಆದ್ದರಿಂದ ಪ್ರಯಾಣಕ್ಕೆಂದೇ ಒಂದು ಬೇರೆ ಹೆಸರಿಟ್ಟುಕೊಂಡಿದ್ದೇನೆ: ಶೋಭಾ. ಶೋಭಾ ಶಾಲೆಯ ಶಿಕ್ಷಕಿ, ನನಗಿಂತ ಧೈರ್ಯವಂತೆ, ಕೇಳಿದ್ದಕ್ಕೆಲ್ಲ ತಟ್ಟನೆ ಉತ್ತರ ಕೊಡುತ್ತಾಳೆ. ನಾನು ಬಸ್ಸಿಳಿದ ಕೂಡಲೇ ಮಾಯವಾಗುತ್ತಾಳೆ. ಹೋದ ವರ್ಷದವರೆಗೆ ಅವಳಿಂದ ಯಾರಿಗೂ ತೊಂದರೆಯಾಗಿರಲಿಲ್ಲ.

ಆ ದಿನ ಕೊಪ್ಪಳದ ಹತ್ತಿರದ ಇರಕಲ್ಲಗಡದಲ್ಲಿ, ಅಕ್ಕನ ಗಂಡನ ಮನೆಯಲ್ಲಿ, ಅವಳ ಕುಬುಸದ ಕಾರ್ಯ, ಅಂದರೆ ಸೀಮಂತ. ಮೊದಲನೆಯದು ಉಳಿಯದೆ, ಆರು ವರ್ಷ ಕಾದ ಮೇಲೆ ನಿಂತ ಬಸಿರು ಅದು. ತವರಿನ ಹಸಿರು ಸೀರೆ ಉಟ್ಟು ಅಕ್ಕ ಮಧ್ಯಾಹ್ನ ಒಂದು ಗಂಟೆಯೊಳಗೆ ಮಣೆಯ ಮೇಲೆ ಕೂರಬೇಕು. ಅವ್ವ ಎರಡು ದಿನ ಮೊದಲೇ ಹೋಗಿದ್ದಳು. ಸೀರೆ ಮಾತ್ರ ಹುಬ್ಬಳ್ಳಿಯಲ್ಲಿ ನನ್ನ ಚೀಲದಲ್ಲಿತ್ತು. ಕುಪ್ಪಸ ಹೊಲಿಸಿ ತರುವ ಜವಾಬ್ದಾರಿಯನ್ನು, ಅಳತೆಯ ವಿಷಯದಲ್ಲಿ ಯಾರನ್ನೂ ನಂಬದ ನಾನು, ಕೇಳಿ ವಹಿಸಿಕೊಂಡಿದ್ದೆ. ಮದುವೆಗಳ ದಿನವಾದ್ದರಿಂದ ಗದಗ ರಸ್ತೆಯ ಊರಂಚಿನ ನಿಲ್ದಾಣದಲ್ಲಿ ಮೂರು ಬಸ್ಸುಗಳು ಬಾಗಿಲತನಕ ತುಂಬಿಕೊಂಡು ಬಂದು, ನಿಲ್ಲದೆ ಹೋದವು. ಗಂಟೆ ಎಂಟಾಯಿತು. ಜೀವಮಾನದಲ್ಲಿ ತರಗತಿಯಲ್ಲೂ ಕೈ ಎತ್ತದ ನಾನು, ರಸ್ತೆಯಲ್ಲಿ ಹೋಗುವ ಗಾಡಿಗಳಿಗೆ ಕೈ ಮಾಡತೊಡಗಿದೆ. ಅದೂ ಎಷ್ಟು ಸಂಕೋಚದಿಂದ ಎಂದರೆ, ನೊಣ ಓಡಿಸುತ್ತಿದ್ದೇನೆಂದು ತಿಳಿದು ಹಲವರು ಮುಂದೆ ಹೋದರು.

ಕೊನೆಗೆ ನಿಂತದ್ದು ಮೂಟೆಗಳನ್ನು ಹೇರಿದ ಒಂದು ಟೆಂಪೊ. ಓಡಿಸುತ್ತಿದ್ದವರು ಭಾಗ್ಯನಗರದ ರಾಜಾಸಾಬ, ಪಕ್ಕದಲ್ಲಿ ಅವರ ಹೆಂಡತಿ ಹುಸೇನಬಿ. "ಕೊಪ್ಪಳತನಕ ಬಾ ತಂಗಿ, ಒಬ್ಬಾಕಿ ಯಾಕ ಬಿಸಲಾಗ ನಿಂತಿ?" ಎಂದು ಆಕೆ ಸರಿದು ಜಾಗ ಮಾಡಿಕೊಟ್ಟರು. ಹಿಂದಿನ ಮೂಟೆಗಳಲ್ಲಿ ಏನಿದೆ ಎಂದು ಕೇಳಿದೆ. ಕೂದಲು! ಓಣಿ ಓಣಿ ತಿರುಗಿ, ಸ್ಟೀಲ್ ಪಾತ್ರೆ ಕೊಟ್ಟು ಕೂಡಿಸಿದ ಹೆಂಗಸರ ಬಾಚಣಿಗೆಯ ಕೂದಲು. ಅದನ್ನು ಬಿಡಿಸಿ, ಉದ್ದ ನೋಡಿ ಕಟ್ಟುಕಟ್ಟುವುದು ಅವರ ಉದ್ಯೋಗ. ಹುಸೇನಬಿ ನನ್ನ ಜಡೆಯನ್ನು ಕೈಗೆತ್ತಿಕೊಂಡು ತೂಗಿ ನೋಡಿ, "ಮಾಲು ಛಲೋ ಐತಿ. ಎಣ್ಣಿ ಕಾಣಿಸಿಲ್ಲ ನೀ ಇದಕ್ಕ" ಎಂದರು. ನನ್ನ ಬಗ್ಗೆ ಇಷ್ಟು ಖಚಿತವಾಗಿ ಮಾತಾಡಿದವರು ವಿಶ್ವವಿದ್ಯಾಲಯದಲ್ಲೂ ಇರಲಿಲ್ಲ.

ಆಮೇಲೆ ಕಪಾಟು ತೆಗೆಯುವ ಕೆಲಸ ಶುರುವಾಯಿತು. ಹೆಸರು? ಶೋಭಾ. ಎಲ್ಲಿಗೆ? ಗಂಗಾವತಿಗೆ, ಸೋದರಮಾವನ ಮನೆಗೆ. ಮಾವ ಏನು ಮಾಡುತ್ತಾರೆ? ರೈಸ್ ಮಿಲ್ಲಿನಲ್ಲಿ ಕೆಲಸ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ವಿವರವಿಲ್ಲದ ಉತ್ತರ ಕೊಟ್ಟು ನನಗೆ ರೂಢಿಯಿಲ್ಲ. ರಾಜಾಸಾಬರು ಕ್ಲಚ್ ತುಳಿದಾಗಲೆಲ್ಲ ಎಡ ಮೊಣಕಾಲು ಹಿಡಿದು "ಯಾ ಅಲ್ಲಾ" ಎನ್ನುತ್ತಿದ್ದರು. ಅದನ್ನು ನೋಡುತ್ತಲೇ, ಮಾವನಿಗೆ ಎಡ ಮೊಣಕಾಲು ನೋವೆಂದೂ, ಮೆಟ್ಟಿಲು ಹತ್ತಲಾಗುವುದಿಲ್ಲವೆಂದೂ ಹೇಳಿಬಿಟ್ಟೆ. "ಅಯ್ಯ ಪಾಪ!" ಎಂದು ಹುಸೇನಬಿ ಗದಗ ದಾಟುವವರೆಗೂ ಮಾವನ ಆರೈಕೆಯ ಮಾತಾಡಿದರು. ಕೊಪ್ಪಳದ ಬಸ್ ನಿಲ್ದಾಣದಲ್ಲಿ ಇಳಿದು, ಇವರು ಮರೆಯಾದ ಮೇಲೆ ಇರಕಲ್ಲಗಡದ ಬಸ್ಸು ಹತ್ತುವುದು ನನ್ನ ಯೋಜನೆ.

ಆದರೆ ನಮ್ಮ ಕಡೆಯವರು ಹಾಗೆ ಇಳಿಸಿ ಹೋಗುವವರಲ್ಲ. ಇಬ್ಬರೂ ಗಾಡಿ ನಿಲ್ಲಿಸಿ ನನ್ನೊಡನೆ ಬಂದರು. ನನ್ನನ್ನು ಗಂಗಾವತಿ ಬಸ್ಸಿನ ಕಿಟಕಿ ಪಕ್ಕ ಕೂರಿಸಿದರು. "ಕಂಡಕ್ಟರಪ್ಪಾ, ಈಕಿ ನಮ್ಮಾಕಿ ಅದಾಳ. ಗಂಗಾವತ್ಯಾಗ ಆಟೋ ಹತ್ತಿಸಿ ಕೊಡು" ಎಂದು ಒಪ್ಪಿಸಿದರು. ಹೋಗಲಿಲ್ಲ, ಬಸ್ಸು ಹೊರಡಲಿ ಎಂದು ಕಿಟಕಿಯ ಕೆಳಗೇ ನಿಂತರು. ಆ ಕಡೆ ಇರಕಲ್ಲಗಡದ ಬಸ್ಸು ನನ್ನ ಕಣ್ಣೆದುರೇ ಹೊರಟುಹೋಯಿತು. ಗಂಟೆ ಹನ್ನೆರಡು. ಅಷ್ಟರಲ್ಲಿ ಹುಸೇನಬಿ ಎಣ್ಣೆಯ ಸೀಸೆಯೊಂದನ್ನು ಕಿಟಕಿಯೊಳಗೆ ಚಾಚಿದರು.

"ಹುಬ್ಬಳ್ಯಾಗ ಹಕೀಮರ ಕಡಿಂದ ಇವರ ಮೊಣಕಾಲಿಗಂತ ತಂದಿದ್ದು. ನಿಮ್ಮ ಮಾಮಾಗ ಹಚ್ಚು. ಇವರಿಗೆ ಮುಂದಿನ ಸಲ ತಂದ್ರ ನಡೀತೈತಿ."

ಹಿಂದೆ ರಾಜಾಸಾಬರು ಎಡಗಾಲ ಭಾರವನ್ನು ಬಲಗಾಲಿಗೆ ಹಾಕಿ ನಿಂತು, ಹೌದೆಂದು ತಲೆಯಾಡಿಸಿದರು. ಸುಳ್ಳಿನ ಮೇಲೆ ಅಷ್ಟು ಹೊತ್ತು ನೆಟ್ಟಗೆ ಕೂತಿದ್ದ ನನಗೆ ಆ ಸೀಸೆಯನ್ನು ಹಿಡಿಯಲಾಗಲಿಲ್ಲ.

"ಚಾಚಿ, ನನಗ ಮಾಮಾ ಇಲ್ರಿ" ಎಂದೆ.

"ಯಾ ಖುದಾ! ಯಾವಾಗ ತೀರಿಕೊಂಡ್ರು? ಈಗ ಫೋನ್ ಬಂತೇನು?"

"ಇಲ್ರಿ, ಹುಟ್ಟೇ ಇಲ್ಲ."

ರಾಜಾಸಾಬರು ತುಸು ಯೋಚಿಸಿ, "ಹಂಗಾದ್ರ ಮೊಣಕಾಲು ಯಾರ್ದವ್ವ?" ಎಂದರು.

"ನಿಮ್ಮದೇ ರೀ."

ಅಕ್ಕ, ಕುಬುಸ, ಸೀರೆ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಬೈಗುಳಕ್ಕೆ ಕಾದೆ. ಹುಸೇನಬಿ ಸೆರಗು ಬಾಯಿಗಿಟ್ಟುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಮರುಕ್ಷಣ ಗದರಿದರು: "ಇಳೀ ಮೊದ್ಲ! ಅಕ್ಕ ಅಲ್ಲಿ ಬರೇ ಮಣಿ ನೋಡ್ಕೋಂತ ಕುಂತಿರ್ಬೇಕು, ನೀ ಇಲ್ಲಿ ಗಂಗಾವತಿಗೆ ಹೊಂಟಿ! ಏ, ಗಾಡಿ ತಿರುವ್ರಿ."

ಭಾಗ್ಯನಗರದ ತಮ್ಮ ಮನೆ ಅಲ್ಲಿಂದ ಐದೇ ನಿಮಿಷದ ಹಾದಿಯಲ್ಲಿದ್ದರೂ ಅವರು ಕೂದಲಿನ ಮೂಟೆಗಳ ಸಮೇತ ಇರಕಲ್ಲಗಡದ ದಾರಿ ಹಿಡಿದರು. ಒಂದಕ್ಕೆ ಹತ್ತು ನಿಮಿಷವಿದ್ದಾಗ ಟೆಂಪೊ ಅಕ್ಕನ ಬಾಗಿಲಲ್ಲಿ ನಿಂತಿತು. "ಅಬ್ಬಬ್ಬಾ, ತವರಿನವ್ರು ಮೂಟಿಗಟ್ಲೆ ತಂದಾರಲ್ಲ!" ಎಂದು ಓಣಿಯ ಹೆಂಗಸರು ಬೆರಗಾದರು. ಅಕ್ಕನ ಅತ್ತೆಯ ಮುಖ ಆ ದಿನ ಮೊದಲ ಸಲ ಅರಳಿತಂತೆ. ಅಕ್ಕ ಸೀರೆ ಕಸಿದುಕೊಂಡು, ನನ್ನ ಕೆನ್ನೆ ಹಿಂಡಿ ಒಳಗೋಡಿದಳು. ಅವ್ವ ಹುಸೇನಬಿಯನ್ನು ನೋಡಿ, "ಇವರ್ಯಾರವ್ವಾ?" ಎಂದಳು. ನಾನು ಬಾಯಿ ತೆರೆಯುವ ಮೊದಲೇ ಹುಸೇನಬಿ, "ನಾವು ಗಂಗಾವತಿ ಮಾಮಾನ ಕಡಿಯವ್ರು" ಎಂದರು. ಅಣ್ಣ ತಮ್ಮಂದಿರೇ ಇಲ್ಲದ ಅವ್ವ ಅರೆಗಳಿಗೆಯೂ ತಡವರಿಸದೆ, "ಬರ್ರಿ ಬರ್ರಿ, ಕೈಕಾಲು ತೊಳ್ಕೊಳ್ರಿ, ಉಂಡ ಹೋಗೂದು" ಎಂದಳು. ಹಸಿರು ಸೀರೆಯುಟ್ಟು ಕೂತ ಅಕ್ಕನ ಕೈಗೆ ಬಳೆ ತೊಡಿಸಿದವರಲ್ಲಿ ಹುಸೇನಬಿಯೂ ಒಬ್ಬರು.

ಈಗ ಅಕ್ಕನ ಮಗನಿಗೆ ಹಲ್ಲು ಮೂಡುತ್ತಿವೆ. ಆ ದಂಪತಿಯ ಋಣ ತೀರಿಸುವ ದಾರಿ ನನಗೆ ತಿಳಿದಿಲ್ಲ. ಕೊಪ್ಪಳಕ್ಕೆ ಹೋದಾಗಲೆಲ್ಲ ಹುಬ್ಬಳ್ಳಿಯ ಎಣ್ಣೆಯ ಸೀಸೆಯೊಂದನ್ನು ಒಯ್ಯುತ್ತೇನೆ. ಅಂದು ಕಿಟಕಿಯಲ್ಲಿ ತಪ್ಪೊಪ್ಪಿಕೊಳ್ಳುವ ಅವಸರದಲ್ಲಿ ಮಾವನನ್ನಷ್ಟೇ ಅಳಿಸಿದೆ, ಹೆಸರನ್ನು ಮರೆತೆ. ಕಾರ್ಯದ ಮನೆಯಲ್ಲಿ ಎಲ್ಲರೂ ನನ್ನನ್ನು ಸವಿತಾ ಎಂದು ಕೂಗಿದರೂ, ಅದು ಮನೆಯ ಮುದ್ದಿನ ಹೆಸರಿರಬೇಕೆಂದು ಹುಸೇನಬಿ ತಿಳಿದರು. ಹೋದ ತಿಂಗಳು ಭಾಗ್ಯನಗರದಲ್ಲಿ ಅವರ ಬಾಗಿಲು ತಟ್ಟಿದಾಗ ಒಳಗಿನಿಂದ, "ನೋಡ್ರಿ, ನಮ್ಮ ಶೋಭಾ ಬಂದಾಳ!" ಎಂಬ ಕೂಗು ಕೇಳಿಸಿತು. ಈ ಸಲವಾದರೂ ನಿಜ ಹೇಳಬೇಕೆಂದು ಕೊಪ್ಪಳದವರೆಗೂ ವಾಕ್ಯ ಜೋಡಿಸಿಕೊಂಡು ಬಂದಿದ್ದವಳು, "ಹೌದ್ರಿ ಚಾಚಿ, ನಾನೇ" ಎಂದು ಚಪ್ಪಲಿ ಬಿಟ್ಟು ಒಳಗೆ ಹೋದೆ.