ಬಾಗಲೂರು ಕಡೆಯಿಂದ ತಂತಿಯಿಲ್ಲದೆ ಹೋದ ಮಾತು

ಊರಿಗೆ ಮೊದಲು ಹೊಸ ಯಂತ್ರ ತಂದವನ ಮನೆಯಲ್ಲಿ ಏನಾದರೊಂದು ನಡೆಯುತ್ತಲೇ ಇರುತ್ತದೆ. ತರದವರಿಗೆ ಆ ಭಾಗ್ಯವಿಲ್ಲ. ಎಂಬತ್ತರ ದಶಕ ಮುಗಿಯುತ್ತಾ ಬಂದಾಗ ಬಾಗಲೂರು ಸುತ್ತಲಿನ ಹಳ್ಳಿಗಳಲ್ಲಿ ಹವ್ಯಾಸಕ್ಕೆಂದು ಮನೆಯಿಂದಲೇ ದೂರದವರೊಡನೆ ಮಾತಾಡುವ ಹ್ಯಾಮ್ ರೇಡಿಯೊ ಪರೀಕ್ಷೆ ಪಾಸಾಗಿ ಲೈಸೆನ್ಸು ಪಡೆದವನು ನಾನೊಬ್ಬನೇ. ರೇಡಿಯೊದಲ್ಲಿ ಬಾಯಿಂದ ಮಾತಾಡುವುದು ಯಾರ ಕೈಲಾದರೂ ಆದೀತು. ನಾನು ಹಳೆಯದೊಂದು ಕಂಪ್ಯೂಟರು ತಂದು, ಅದರಲ್ಲಿ ಟೈಪು ಮಾಡಿದ ಅಕ್ಷರವನ್ನೇ ರೇಡಿಯೊ ಮೂಲಕ ಹೊಸೂರಿಗೆ ಕಳಿಸುತ್ತೇನೆಂದು ಟೀ ಅಂಗಡಿಯಲ್ಲಿ ಎಲ್ಲರೆದುರು ಹೇಳಿದೆ. ಇದಕ್ಕೆ ಪ್ಯಾಕೆಟ್ ರೇಡಿಯೊ ಎನ್ನುತ್ತಾರೆ. ಹೊಸೂರಿನಲ್ಲಿ ಅದನ್ನು ಹಿಡಿಯಲು ಹಿರಿಯ ಹ್ಯಾಮ್ ಒಬ್ಬರಿದ್ದರು. ರಿಟೈರಾದ ತಮಿಳರು, ನಮ್ಮ ಮನೆಗೂ ಬಂದು ಹೋಗಿದ್ದವರು.

ಸುದ್ದಿ ಅಪ್ಪನಿಗೆ ಮುಟ್ಟಿತು.

"ಮಾಳಿಗೆ ಮೇಲೆ ಏರಿಯಲ್ ಕಂಬ ಅಂತ ನಿಲ್ಸಿದೀಯಲ್ಲ, ಆ ಪೈಪು ಬೋರಿಗೆ ತಂದಿದ್ದು ಕಣ್ಲಾ," ಎಂದರು. "ಭಾನುವಾರ ಹೊತ್ತು ಮುಳುಗೋದ್ರೊಳಗೆ ಹೊಸೂರಿಂದ ತಂತಿ ಇಲ್ದೆ ಜವಾಬು ಬಂದ್ರೆ ಕಂಬ ಇರ್ಲಿ. ಬರ್ಲಿಲ್ಲ, ಕಿತ್ತು ಬೋರಿಗೆ ಇಳಿಸ್ತೀನಿ."

ಕಂಬ ಹೋದರೆ ರೇಡಿಯೊ ಹೋಯಿತು. ರೇಡಿಯೊ ಹೋದರೆ ಟೀ ಅಂಗಡಿಗೆ ಹೋಗುವುದು ಹೇಗೆ?

ದೊಡ್ಡಪ್ಪನ ಪಂಪ್‌ಸೆಟ್ಟು

ಕಂಪ್ಯೂಟರಿಗೆ ತನ್ನ ಕೆಲಸ ಏನೆಂಬುದು ಕ್ಯಾಸೆಟ್ಟಿನಿಂದ ತಿಳಿಯಬೇಕು. ಟೇಪ್ ರೆಕಾರ್ಡರಿಗೆ ಸಿಕ್ಕಿಸಿ, ಕ್ಯಾಸೆಟ್ಟು ಪೂರಾ ಓಡುವ ತನಕ ಉಸಿರು ಬಿಗಿಹಿಡಿದು ಕೂರಬೇಕು. ಇನ್ನೇನು ಮುಗಿಯಿತು ಎನ್ನುವಾಗ ಪಕ್ಕದ ತೋಟದಲ್ಲಿ ದೊಡ್ಡಪ್ಪ ಪಂಪ್‌ಸೆಟ್ಟು ಹಾಕುವರು. ನಮ್ಮ ಮನೆಯ ಬಲ್ಬು ಮಂಕಾಗುವುದು, ಕಂಪ್ಯೂಟರು ಕಲಿತದ್ದನ್ನೆಲ್ಲ ಮರೆಯುವುದು. ಮತ್ತೆ ಮೊದಲಿಂದ.

ನಾನೇ ತೋಟಕ್ಕೆ ಹೋದೆ. "ದೊಡ್ಡಪ್ಪ, ಒಂದು ಕ್ಯಾಸೆಟ್ ಓಡೋಗಂಟ ಮೋಟ್ರು ನಿಲ್ಸಿ."

"ನಿನ್ ಕ್ಯಾಸೆಟ್ ಓಡ್ಲಿ ಅಂತ ನನ್ ಕೋಸು ಒಣಗ್ಬೇಕೇನ್ಲಾ? ಆ ಪೆಟ್ಟಿಗೆಯಿಂದ ನಮಗೇನು ಉಪ್ಯೋಗ? ಕರೆಂಟು ಹೋಗೋದು ಹೇಳ್ತದಾ?"

"ಹೇಳ್ತದೆ."

ಅವರ ಮುಖ ಅರಳಿತು. ಮೋಟಾರು ನಿಂತಿತು, ಕ್ಯಾಸೆಟ್ಟು ಪೂರಾ ಓಡಿತು. ಸಂಜೆ ಅವರು ಬಂದು ಕಂಪ್ಯೂಟರಿನ ಮುಂದೆ ಚಕ್ಕಂಬಕ್ಕಳ ಹಾಕಿ ಕೂತರು. "ಎಲ್ಲಿ, ಯಾವಾಗ ಹೇಳ್ತದೆ?"

"ಹೋದ ತಕ್ಷಣ ಹೇಳ್ತದೆ, ದೊಡ್ಡಪ್ಪ."

ನಾನು ಸುಳ್ಳು ಹೇಳುವವನಲ್ಲ.

ಶನಿವಾರದ ಪಿಚ್ಚರ್

ಆ ಕಂಪ್ಯೂಟರಿಗೆ ಸ್ವಂತ ಪರದೆ ಇಲ್ಲ, ಮನೆಯ ಟಿವಿಯೇ ಅದರ ಪರದೆ. ಊರಿಗೆಲ್ಲ ಇದ್ದದ್ದೂ ಅದೊಂದೇ ಟಿವಿ. ಶನಿವಾರ ಸಂಜೆ ಪಿಚ್ಚರ್ ನೋಡಲು ಜನ ಬಂದು ಪಡಸಾಲೆ ತುಂಬ ಕೂತರು. ನಾನು ಹಿತ್ತಲಿನಲ್ಲಿ ವೈರು ಬೆಸೆಯುತ್ತಿದ್ದೆ. ಪರದೆಯ ಮೇಲೆ ಬೆಂಗಳೂರಿನ ಹ್ಯಾಮ್‌ಗಳು ತಮ್ಮತಮ್ಮಲ್ಲಿ ಕಳಿಸಿಕೊಳ್ಳುತ್ತಿದ್ದ ಇಂಗ್ಲಿಷ್ ಅಕ್ಷರಗಳು ಒಂದರ ಕೆಳಗೊಂದು ಏರುತ್ತಿದ್ದವು.

ಒಳಗೆ ಬಂದು ನೋಡಿದರೆ ಎಲ್ಲರೂ ಕಣ್ಣು ಕೀಳದೆ ನೋಡುತ್ತಿದ್ದಾರೆ.

"ಬರೀ ಹೆಸರೇ ಬತ್ತಾ ಅವೆ, ಪಿಚ್ಚರ್ ಯಾವಾಗ್ಲಾ?" ಎಂದು ಚಿಕ್ಕಮ್ಮ ಕೇಳಿದಳು.

ಮೂಲೆಯಲ್ಲಿ ಕೂತ ಮುದುಕರೊಬ್ಬರು ಗದರಿದರು: "ಸುಮ್ನಿರಮ್ಮ. ಇಷ್ಟು ಜನ ಸೇರಿ ಮಾಡವ್ರೆ ಅಂದ್ರೆ ಸಣ್ಣ ಪಿಚ್ಚರ್ ಅಲ್ಲ."

ಭಾನುವಾರದ ಜವಾಬು

ಬೆಳಗ್ಗೆ ಕಂಪ್ಯೂಟರು ಒಂದೊಂದೇ ಪ್ರಶ್ನೆ ಕೇಳಿತು. ಜವಾಬು ಬರದಿದ್ದರೆ ಎಲ್ಲಿಯವರೆಗೆ ಕಳಿಸಲಿ? ಬರುವ ತನಕ. ಬೇರೆಯವರು ಮಾತಾಡುತ್ತಿದ್ದರೆ ಎಷ್ಟು ಹೊತ್ತು ಕಾಯಲಿ? ಸೊನ್ನೆ, ಎಂದು ಒತ್ತಿದೆ. ಹೊಸೂರು ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯೊಳಗೆ ಟವಲ್ ಎಸೆದು ಸೀಟು ಹಿಡಿದು ಬೆಳೆದವನು ನಾನು. ಇಳಿಯುವವರು ಇಳಿಯಲಿ ಎಂದು ಕಾದವರೆಲ್ಲ ಬಸ್ಸಿನ ಕೊನೇ ಊರು ಬೇರಿಕೆವರೆಗೂ ನಿಂತೇ ಹೋಗುತ್ತಾರೆ.

ಮೊದಲ ಮಾತು ಏನಿರಬೇಕು? ಅವ್ವ ಅಡುಗೆಮನೆಯಿಂದಲೇ ಹೇಳಿದಳು: "ದೊಡ್ಡೋರು ಕಣ್ಲಾ, ಊಟ ಆಯ್ತಾ ಅಂತ ಕೇಳು."

ಇಂಗ್ಲಿಷ್ ಅಕ್ಷರದಲ್ಲಿ ಟೈಪು ಮಾಡಿದೆ. ರೇಡಿಯೊ ಚಿರ್ರೆಂದಿತು. ಊರ ಮಂದಿ ಚಪ್ಪಾಳೆ ತಟ್ಟಿದರು. ಜವಾಬು ಬರಲಿಲ್ಲ. ಕಂಪ್ಯೂಟರು ಮತ್ತೆ ಚಿರ್ರೆಂದಿತು, ಮತ್ತೆ, ಮತ್ತೆ. ಮಧ್ಯಾಹ್ನವಾಯಿತು. "ಉಣ್ತಾ ಇರ್ಬೇಕು," ಎಂದೆ. ಮೂರು ಗಂಟೆಯಾಯಿತು. "ಮಲಗಿರ್ಬೇಕು," ಎಂದೆ. ಹೊತ್ತು ಹುಣಸೆಮರದ ಹಿಂದಕ್ಕೆ ಜಾರಿತು. ಅಪ್ಪ ಪೈಪು ಬಿಚ್ಚುವ ಪಾನಾ ಹಿಡಿದು ಏಣಿಯ ಬುಡದಲ್ಲಿ ನಿಂತರು. ರೇಡಿಯೊ ಇನ್ನೂ ಚಿರ್ರೆನ್ನುತ್ತಲೇ ಇತ್ತು.

ಅಷ್ಟರಲ್ಲಿ ರಸ್ತೆಯಲ್ಲಿ ಬಸ್ಸು ನಿಂತ ಸದ್ದು. ಹೊಸೂರಿನ ಹಿರಿಯರು ಬೆವರು ಒರೆಸುತ್ತಾ ಅಂಗಳಕ್ಕೆ ಬಂದರು.

"ಆಯ್ತು ತಂಬಿ! ಊಟ ಆಯ್ತುಪ್ಪಾ!" ಎಂದು ಕೈಮುಗಿದರು. "ಬೆಳಗ್ಗೆಯಿಂದ ಅದೇ ಕೇಳ್ತಾ ಇದ್ದೀಯ. ನಾನು ಜವಾಬು ಕಳಿಸೋಷ್ಟ್ರಲ್ಲಿ ನಿನ್ ಮಿಷಿನ್ನು ಮೇಲೆ ಬಿದ್ದು ಮತ್ತೆ ಊಟ ಆಯ್ತಾ ಅಂತದೆ! ಬೆಂಗಳೂರಲ್ಲಿ ಎಲ್ರೂ ರೇಡಿಯೊ ಆಫ್ ಮಾಡಿ ಊಟಕ್ಕೆ ಎದ್ದೋಗ್ಬುಟ್ರು. ಇನ್ನೇನ್ ಮಾಡ್ಲಿ, ಬಸ್ ಹತ್ದೆ. ಅದ್ರಲ್ಲೂ ನಿಂತೇ ಬಂದೆ. ಸೀಟೆಲ್ಲಾ ಟವಲ್ಲು!"

ನಾನು ಎದೆಯೆತ್ತಿ ಎಲ್ಲರನ್ನೂ ನೋಡಿದೆ. ಅವರೆಲ್ಲ ಅಪ್ಪನನ್ನು ನೋಡಿದರು. ಅಪ್ಪ ಹಿರಿಯರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಒಂದು ಸುತ್ತು ಹಾಕಿ ಬೆನ್ನ ಕಡೆಯೂ ನೋಡಿದರು. ಪಡುವಣಕ್ಕೆ ತಿರುಗಿ ಹೊತ್ತು ನೋಡಿದರು. ಪಾನಾ ಕೆಳಗಿಟ್ಟರು.

"ಹೊಸೂರಿಂದ ಜವಾಬು ಬಂತು. ಹೊತ್ತೂ ಮುಳುಗಿಲ್ಲ. ತಂತೀನೂ ಇಲ್ಲ," ಎಂದರು. "ಕಂಬ ಇರ್ಲಿ."