ನಮ್ಮ ಹೊಲದ ಮುದ್ದೆ

ನಮ್ಮ ಮನೆಯಲ್ಲಿ ಏನಾದರೊಂದು ಫಜೀತಿ ನಡೆಯುತ್ತಲೇ ಇರುತ್ತದೆ, ಯಾಕೆಂದರೆ ನಮ್ಮ ಯಜಮಾನರು ರೈತರು. ಹೊಲ ಇಲ್ಲ, ಅಷ್ಟೇ.

ಹೊಲ ಇತ್ತು. ಶ್ರೀಗಂಧದ ಕಾವಲ್ ಕಡೆ ಮಾವನವರದು ಒಳ್ಳೇ ಕೆಂಪು ಮಣ್ಣಿನ ರಾಗಿ ಹೊಲ. ಇವರು ಚಡ್ಡಿ ಹಾಕಿಕೊಂಡು ಓಡಾಡುವ ಕಾಲಕ್ಕೇ ಅದು ಕೈಬಿಟ್ಟುಹೋಯಿತು. ಆಮೇಲೆ ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಲೇತ್ ಮೆಷಿನ್ ಮುಂದೆ ನಿಂತು ನಿಂತೇ ರಿಟೈರ್ ಆದರು. ಬಸವೇಶ್ವರನಗರದಲ್ಲಿ ಒಂದು ಪುಟ್ಟ ಮನೆಯಾಯಿತು, ಮಗಳ ಮದುವೆಯಾಯಿತು. ಉಳಿದಿದ್ದು ಒಂದೇ ಆಸೆ: ಕಣ್ಣು ಮುಚ್ಚುವುದರೊಳಗೆ ತಾನೇ ಬಿತ್ತಿ, ತಾನೇ ಕೊಯ್ದ ರಾಗಿಯ ಮುದ್ದೆ ತಿನ್ನಬೇಕು.

"ಒಂದೇ ಒಂದು ಮುದ್ದೆ ಕಣೇ" ಅನ್ನುತ್ತಾರೆ. ಮದುವೆಯಾದಾಗಿನಿಂದ ನಾನು ತೊಳಸಿ ತೊಳಸಿ ಹಾಕಿದ ಮುದ್ದೆಗಳೆಲ್ಲ ಯಾವ ಲೆಕ್ಕಕ್ಕೆ ಅಂತ ನಾನು ಇನ್ನೂ ಕೇಳಿಲ್ಲ.

ಛತ್ರದೊಳಗಿನ ಬದು

ಮಾವನವರ ಹೊಲ ಇದ್ದ ಜಾಗದಲ್ಲಿ ಈಗ ಒಂದು ಮದುವೆ ಛತ್ರ ಇದೆ. ನಮ್ಮ ನೆಂಟರೊಬ್ಬರ ಮಗನ ಮದುವೆ ಅಲ್ಲೇ ಆಯಿತು. ಯಜಮಾನರು ಗಂಡು ಹೆಣ್ಣಿಗೆ ಅಕ್ಷತೆ ಹಾಕಿದ್ದು ಬಿಟ್ಟರೆ ಉಳಿದ ಹೊತ್ತೆಲ್ಲ ನೆಲ ನೋಡಿಕೊಂಡೇ ಓಡಾಡಿದರು. ಯಾರದೋ ಓಲೆ ಕಳೆದಿದೆ ಅಂದುಕೊಂಡು ಇಬ್ಬರು ಹೆಂಗಸರು ಇವರ ಜೊತೆ ಹುಡುಕುವುದಕ್ಕೂ ಶುರುಮಾಡಿದರು.

ಊಟದ ಹಾಲ್‌ನಲ್ಲಿ ಅವರಿಗೆ ದಿಕ್ಕು ಸಿಕ್ಕಿತು. "ಇಲ್ಲೇ ಬದು ಹೋಗಿದ್ದಿದ್ದು ಕಣೇ. ಆ ಐಸ್‌ಕ್ರೀಂ ಟೇಬಲ್ ಇದೆಯಲ್ಲಾ, ಅಲ್ಲಿ ಒಕ್ಕಣೆ ಕಣ." ಅಷ್ಟಕ್ಕೇ ಬಿಡಬೇಕಲ್ಲ. ಎದುರು ಸಾಲಿನಲ್ಲಿ ಕೂತಿದ್ದ ಗುರುತಿಲ್ಲದವರೊಬ್ಬರಿಗೆ, "ಸಾರ್, ನೀವು ಕೂತಿರೋದು ನಮ್ಮ ಹುಣಸೆ ಮರದ ಕೆಳಗೆ" ಅಂದರು. ಆ ಮನುಷ್ಯ ತಲೆಯೆತ್ತಿ ನೋಡಿದರು. ಫ್ಯಾನು ತಿರುಗುತ್ತಿತ್ತು. ಎಲೆ ಹಿಡಿದುಕೊಂಡು ಪಕ್ಕದ ಕುರ್ಚಿಗೆ ಹೋದರು.

ಅಷ್ಟರಲ್ಲಿ ಬಡಿಸುವವನು ನಮಗೆ ಹಪ್ಪಳ ಹಾಕದೆ ಮುಂದೆ ಹೋಗಿಬಿಟ್ಟ. ಯಜಮಾನರಿಗೆ ರೇಗಿತು. "ಏನಪ್ಪಾ, ನಮ್ಮ ಹೊಲದಲ್ಲಿ ನಿಂತ್ಕೊಂಡು ನಮಗೇ ಹಪ್ಪಳ ಇಲ್ವಾ?" ಅವನು ಇವರೇ ಛತ್ರದ ಓನರ್ ಅಂದುಕೊಂಡು ಗಾಬರಿಯಾಗಿ ಇಬ್ಬರಿಗೂ ಎರಡೆರಡು ಹಾಕಿದ. ಆ ಹೊಲದಿಂದ ನಮ್ಮ ಮನೆಯವರಿಗೆ ಸಿಕ್ಕ ಕೊನೆಯ ಫಸಲು ಅದು.

ಫೋಟೋ ರೈತರು

ರಿಟೈರ್ ಆದ ಹೊಸತರಲ್ಲಿ ಮಾಗಡಿ ರಸ್ತೆಯ ಆಚೆ ತೋಟದ ಸೈಟು ತೋರಿಸುತ್ತೇವೆ ಅಂತ ಯಾರೋ ಫೋನ್ ಮಾಡಿದರು. ವ್ಯಾನು ಅವರದೇ, ಊಟ ಅವರದೇ. ಭಾನುವಾರ ಹೊರಟೆವು. ಯಜಮಾನರು ಹಳೇ ಲುಂಗಿಯೊಂದನ್ನು ಮಡಚಿ ಚೀಲದಲ್ಲಿ ಇಟ್ಟುಕೊಂಡಿದ್ದರು. "ಯಾಕ್ರೀ?" ಅಂದರೆ, "ಪ್ಯಾಂಟಲ್ಲಿ ಮಣ್ಣು ಮುಟ್ಟಕ್ಕಾಗುತ್ತಾ?" ಅಂದರು.

ಅಲ್ಲಿ ಕೂಲಿಂಗ್ ಗ್ಲಾಸ್ ಹಾಕಿದ್ದ ಹುಡುಗ ಶುರುಮಾಡಿದ. "ಸಾರ್, ನೀವು ಏನೂ ಟೆನ್ಷನ್ ತಗೋಬೇಡಿ. ಗಿಡ ನಾವೇ ನೆಡ್ತೀವಿ, ನೀರು ನಾವೇ ಬಿಡ್ತೀವಿ, ಗೊಬ್ಬರ ನಾವೇ. ಹಣ್ಣು ಬಂದ್ರೆ ಬಾಕ್ಸ್ ಮಾಡಿ ಮನೆಗೇ ಕಳಿಸ್ತೀವಿ."

"ಉಳೋದು?"

"ನಾವೇ ಸಾರ್."

"ಕಳೆ ಕೀಳೋದು?"

"ಅಯ್ಯೋ, ಅದೆಲ್ಲ ನಮ್ಮ ಹುಡುಗ್ರು ನೋಡ್ಕೋತಾರೆ."

ಯಜಮಾನರ ಮುಖ ಸಣ್ಣಗಾಯಿತು. "ಮತ್ತೆ ನಾನೇನಪ್ಪಾ ಮಾಡ್ಲಿ?"

ಹುಡುಗ ಧಾರಾಳವಾಗಿ ನಕ್ಕ. "ನೀವು ವೀಕೆಂಡ್ ಬನ್ನಿ ಸಾರ್, ಫೋಟೋ ತೆಗೆಸ್ಕೊಳ್ಳಿ. ಎತ್ತಿನ ಗಾಡಿನೂ ಇಟ್ಟಿದೀವಿ. ಚಕ್ರ ಮಾತ್ರ ಸಿಮೆಂಟಿಂದು."

ವಾಪಸ್ ಬರುವಾಗ ಲುಂಗಿ ಚೀಲದಲ್ಲಿ ಇಟ್ಟ ಹಾಗೇ ಇತ್ತು. ನಾನು ಅದರಲ್ಲಿ ಅವರು ಕೊಟ್ಟ ಬಾಳೆಹಣ್ಣು ಸುತ್ತಿಕೊಂಡು ಬಂದೆ.

ಬೋರ್ಡಿಗೆ ಯೂನಿಫಾರಂ

ನಮ್ಮ ಮನೆಯ ಪಕ್ಕದಲ್ಲಿ ಒಂದು ಖಾಲಿ ಸೈಟು. ಮಾಲೀಕರು ರಾಜರಾಜೇಶ್ವರಿನಗರದ ಅಪಾರ್ಟ್‌ಮೆಂಟಿನಲ್ಲಿದ್ದಾರೆ. ಸೈಟಿನಲ್ಲಿ 'ಮಾರಾಟಕ್ಕಿದೆ' ಅನ್ನುವ ಬೋರ್ಡು, ಬೀದಿಯವರೆಲ್ಲ ಎಸೆದ ಕಸ, ಇಷ್ಟೇ ಇದ್ದಿದ್ದು. ಒಂದು ದಿನ ಯಜಮಾನರು ಧೈರ್ಯ ಮಾಡಿ ಫೋನ್ ಮಾಡಿದರು. "ಸಾರ್, ಮಾರೋವರೆಗೂ ಅಲ್ಲಿ ಒಂದಿಷ್ಟು ರಾಗಿ ಚೆಲ್ಲಲಾ?"

ಮಾಲೀಕರೂ ಹಳ್ಳಿ ಮೂಲದವರೇ, ಉಳುವವನೇ ಒಡೆಯ ಅಂತ ಹೊಲಗಳು ಕೈಬಿಟ್ಟಿದ್ದನ್ನು ಕಂಡವರು. "ಆಮೇಲೆ ನಾನು ಗೇಣಿದಾರ, ಸೈಟು ನಂದೇ ಅಂತ ಕೇಸ್ ಹಾಕಲ್ಲ ತಾನೇ?"

"ದೇವರಾಣೆ ಇಲ್ಲ ಸಾರ್. ಒಂದು ಮುದ್ದೆ ತಿಂದು ಎದ್ದುಬಿಡ್ತೀನಿ."

"ಸರಿ. ಬೋರ್ಡ್ ಮಾತ್ರ ಬೀಳಬಾರದು."

ಶ್ರಾವಣದ ಮಳೆ ನೋಡಿಕೊಂಡು ಕಸ ತೆಗೆದರು, ಅಗೆದರು, ಬಿತ್ತಿದರು. ಸೊಂಟಕ್ಕೆ ಎಣ್ಣೆ ಹಚ್ಚಿದ್ದು ನಾನು. ಬೀಜ ಬಿದ್ದ ಕೂಡಲೇ ಇಡೀ ಬಡಾವಣೆಯ ಪಾರಿವಾಳಗಳು ಬಂದು ಕೂತವು. ಯಜಮಾನರು ತಮ್ಮ ಕಾರ್ಖಾನೆಯ ಖಾಕಿ ಯೂನಿಫಾರಂ ತಂದು ಆ ಬೋರ್ಡಿಗೆ ತೊಡಿಸಿ, ಮೇಲೆ ಒಂದು ಹೆಲ್ಮೆಟ್ ಕೂರಿಸಿದರು.

ಸಂಜೆ ಮಬ್ಬಿನಲ್ಲಿ ಪಾರ್ಸೆಲ್ ಹುಡುಗನೊಬ್ಬ ಗಾಡಿ ನಿಲ್ಲಿಸಿ ಕೂಗುತ್ತಿದ್ದ. "ಅಣ್ಣಾ, ಏಳನೇ ಕ್ರಾಸ್ ಯಾವ್ದು? ಅಣ್ಣಾ! ಯಾವ್ದಣ್ಣಾ?" ಉತ್ತರ ಬರಲಿಲ್ಲ. "ಸೆಕ್ಯೂರಿಟಿಗೇ ಇಷ್ಟು ಕೊಬ್ಬಾದ್ರೆ ಇನ್ನು ಓನರ್‌ಗೆ ಎಷ್ಟಿರಬೇಡ!" ಅಂತ ಬೈದುಕೊಂಡು ಹೋದ. ಯಜಮಾನರಿಗೆ ಸ್ವಲ್ಪವೂ ಬೇಜಾರಾಗಲಿಲ್ಲ. "ನೋಡ್ದಾ, ಮನುಷ್ಯರೇ ಮೋಸ ಹೋದ್ರು, ಪಾರಿವಾಳ ಯಾವ ಲೆಕ್ಕ?" ಅಂದರು. ಆಗ ಹೆಲ್ಮೆಟ್ ಮೇಲೆ ಎರಡು ಕೂತಿದ್ದವು.

ಗಣೇಶನ ಪಾಲು

ಆದರೂ ಪೈರು ಬಂತು. ಗಣೇಶನ ಹಬ್ಬದ ಹೊತ್ತಿಗೆ ಸೈಟು ಎಳೇ ಹಸಿರಾಗಿತ್ತು. ಯಜಮಾನರು ಬೆಳಗಾದರೆ ಕಾಫಿ ಲೋಟ ಹಿಡಿದು ಅಲ್ಲಿಗೇ ಹೋಗುತ್ತಿದ್ದರು. ಆ ಮುಖ ನೋಡಿ ನನಗೂ ಖುಷಿಯಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ನಮ್ಮ ಬೀದಿಯ ಮೂಲೆ ಮನೆಯಲ್ಲಿ ಒಬ್ಬರು ರಿಟೈರ್ಡ್ ಟೀಚರಮ್ಮ ಇದ್ದಾರೆ. ಬೆಳಕು ಹರಿಯುವ ಮೊದಲೇ ಪ್ಲಾಸ್ಟಿಕ್ ಕವರು, ಕೊಕ್ಕೆ ಕೋಲು ಹಿಡಿದು ಹೊರಡುತ್ತಾರೆ. ಯಾರ ಕಾಂಪೌಂಡಿನಿಂದ ದಾಸವಾಳ ಆಚೆ ಬಾಗಿದ್ದರೂ ಅದು ಅವರ ಮನೆ ದೇವರದು. ಹಬ್ಬದ ದಿನ ಬೆಳಗ್ಗೆ ಕಡುಬಿನ ತಟ್ಟೆ ಹಿಡಿದು ನಗುನಗುತ್ತಾ ಬಂದರು.

"ಈ ಸಲ ಗರಿಕೆಗೆ ಮಾರ್ಕೆಟ್ಟಿಗೇ ಹೋಗ್ಲಿಲ್ಲ ನೋಡಿ. ನಿಮ್ಮ ಪಕ್ಕದ ಸೈಟಲ್ಲಿ ಏನು ಸೊಂಪಾಗಿ ಬೆಳೆದಿದೆ! ಒದ್ದೆ ಮಣ್ಣು, ಎಳೆದ್ರೆ ಬೇರು ಸಮೇತ ಬಂತು. ಬೀದಿಯವರಿಗೆಲ್ಲ ಒಂದೊಂದು ಕಟ್ಟು ಹಂಚಿದೆ. ತಗೊಳ್ಳಿ, ನಿಮಗೂ."

ಕೈಯಲ್ಲಿ ಎಳೇ ರಾಗಿ ಪೈರಿನ ಕಟ್ಟು, ದಾರ ಕಟ್ಟಿತ್ತು. ಯಜಮಾನರು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ನಾನು ಬಾಯಿ ತೆರೆದೆ. ಅವರು ಕಣ್ಣಲ್ಲೇ ಬೇಡ ಅಂದರು. ಹಬ್ಬದ ದಿನ, ಬಂದವರಿಗೆ ನೋವು ಮಾಡಬಾರದು ಅಂತ.

ಟೀಚರಮ್ಮ ಹೋದ ಮೇಲೆ ಆ ಕಟ್ಟನ್ನು ನಮ್ಮ ಗಣೇಶನ ಮುಂದೆ ಇಟ್ಟು ಕೈ ಮುಗಿದರು. "ಅಲ್ಲಪ್ಪಾ, ನಿನಗೆ ಕಡುಬು ಇಷ್ಟ ಅಂತ ಗೊತ್ತಿತ್ತು. ಮುದ್ದೆ ಮೇಲೂ ಕಣ್ಣಿತ್ತಾ?"

ಗಿರಣಿ ಸಾಲು

ಚರಂಡಿ ಪಕ್ಕದ ಮೂಲೆಯಲ್ಲಿ ಕೆಸರಿದ್ದದ್ದರಿಂದ ಟೀಚರಮ್ಮನ ಸೀರೆ ಅಲ್ಲಿಗೆ ಹೋಗಿರಲಿಲ್ಲ. ಅಲ್ಲಿ ಒಂದಿಷ್ಟು ಪೈರು ಉಳಿದು ತೆನೆಯಾಯಿತು. ಕೊಯ್ಲಿನ ಹಿಂದಿನ ದಿನ ಮಾಲೀಕರು ಫೋನ್ ಮಾಡಿದರು. ಸೈಟು ಮಾರಾಟವಾಯಿತಂತೆ, ಪಾಯ ತೆಗೆಯಲು ಜೆಸಿಬಿ ಬರುತ್ತದಂತೆ. ಅಲ್ಲಿಗೆ ಮತ್ತೊಂದು ಬೆಳೆ ಅನ್ನುವ ಮಾತು ಮುಗಿಯಿತು. ಆಗೋದಾದರೆ ಈ ರಾಗಿಯಲ್ಲೇ ಆಗಬೇಕು.

ಟೆರೇಸಿನ ಮೇಲೆ, ಬೀದಿಯವರೆಲ್ಲ ನೋಡುವ ಹಾಗೆ, ನನ್ನ ಲಟ್ಟಣಿಗೆಯಲ್ಲಿ ತೆನೆ ಬಡಿದರು. ಮೊರದಲ್ಲಿ ತೂರಿದರು, ಹೊಟ್ಟೆಲ್ಲ ಕೆಳಗಿನ ಮನೆಯವರ ಒಗೆದ ಬಟ್ಟೆಗೆ ಹೋಯಿತು. ಕೊನೆಗೆ ಉಳಿದದ್ದು ಒಂದು ಸೇರಿಗೂ ಬಾರದಷ್ಟು ರಾಗಿ. ಅದನ್ನು ಸ್ಟೀಲ್ ಡಬ್ಬಿಗೆ ಹಾಕಿ, ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಕಾಮಾಕ್ಷಿಪಾಳ್ಯದ ಹಿಟ್ಟಿನ ಗಿರಣಿಗೆ ಹೊರಟರು. ಜೊತೆಗೆ ನಾನೂ.

ಗಿರಣಿಯಲ್ಲಿ ರಾಗಿಯವರದೇ ಬೇರೆ ಸಾಲು. ನಮ್ಮ ಮುಂದೆ ಒಬ್ಬರು ದೊಡ್ಡ ಡಬ್ಬ ತುಂಬಾ ರಾಗಿ ತಂದಿದ್ದರು. "ಶುಗರ್‌ಗೆ ಒಳ್ಳೇದು ಅಂತ ಮೆಂತ್ಯ ಸೇರಿಸಿದೀನಿ ಸಾರ್" ಅಂತ ಕೇಳದಿದ್ದರೂ ಹೇಳಿದರು. ನಮ್ಮ ಹಿಂದೆ ಯಾರು ಅಂತೀರಿ? ಟೀಚರಮ್ಮ! "ಅಯ್ಯೋ ಪಾಪ, ಇಷ್ಟೇನಾ ಬಂದಿದ್ದು?" ಅಂತ ನಮ್ಮ ಡಬ್ಬಿಗೆ ಇಣುಕಿದರು. ಅವರದು ಅಂಗಡಿ ರಾಗಿ, ನಮ್ಮದಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ಮೆಂತ್ಯದವರದು ಮುಗಿದ ತಕ್ಷಣ ಗಿರಣಿಯವನು ನಮ್ಮದನ್ನು ಸುರಿದ, ಅದು ಇಳಿಯುತ್ತಿದ್ದ ಹಾಗೇ ಟೀಚರಮ್ಮನದನ್ನು ಸುರಿದ. ಯಜಮಾನರು ಬಿಸಿ ಹಿಟ್ಟಿನ ಡಬ್ಬಿ ಎದೆಗೆ ಒತ್ತಿಕೊಂಡು ಮನೆಗೆ ಬಂದರು.

ಬಸ್ಸಾರು ಮಾಡಿದೆ. ಆ ಹಿಟ್ಟಿನಲ್ಲೇ ಮುದ್ದೆ ಕಟ್ಟಿ ತಟ್ಟೆಗೆ ಹಾಕಿದೆ. ಅವರು ಮಾವನವರ ಫೋಟೋಗೆ ಕೈ ಮುಗಿದು, ತಟ್ಟೆ ಮುಂದೆ ಕೂತು, ಒಂದು ತುತ್ತು ಮುರಿದು ಸಾರಲ್ಲಿ ಅದ್ದಿ ನುಂಗಿದರು. ಹಾಗೇ ಕೂತರು. ಇನ್ನೊಂದು ತುತ್ತನ್ನು ಮೂಸಿ ನೋಡಿದರು. ನಾನೂ ಒಂದು ಚೂರು ಬಾಯಿಗೆ ಹಾಕಿಕೊಂಡೆ. ಕಹಿ.

"ರೀ," ಅಂದೆ, "ನಮ್ಮ ಹೊಲಕ್ಕೆ ಮೆಂತ್ಯ ಯಾವಾಗ ಬಿತ್ತಿದ್ರಿ?"

ಗಿರಣಿಗೆ ಹೋಗುವವರಿಗೆಲ್ಲ ಗೊತ್ತಿರುವ ವಿಷಯ. ಮೆಷಿನ್ ಹೊಟ್ಟೆಯಲ್ಲಿ ಒಂದಿಷ್ಟು ಹಿಟ್ಟು ಉಳಿದೇ ಇರುತ್ತದೆ. ಮುಂದಿನವರದು ನಮಗೆ ಬರುತ್ತದೆ, ನಮ್ಮದು ಹಿಂದಿನವರಿಗೆ ಹೋಗುತ್ತದೆ. ಡಬ್ಬ ತುಂಬಾ ತಂದವರಿಗೆ ಅದು ಗೊತ್ತೇ ಆಗುವುದಿಲ್ಲ. ನಾವು ತಂದಿದ್ದೇ ಅಷ್ಟು. ಯಜಮಾನರು ತಟ್ಟೆ ಸ್ವಲ್ಪ ಮುಂದಕ್ಕೆ ಸರಿಸಿದರು. ಯಾಕಾದರೂ ತಮಾಷೆ ಮಾಡಿದೆನೋ ಅನ್ನಿಸಿತು.

ಆಗ ಬೆಲ್ ಆಯಿತು. ಬಾಗಿಲಲ್ಲಿ ಟೀಚರಮ್ಮ, ಕೈಯಲ್ಲಿ ಮುಚ್ಚಿದ ಡಬ್ಬಿ.

"ಇವತ್ತಿನ ಮುದ್ದೆ ಏನು ಘಮ ಅಂತೀರಿ! ನಮ್ಮನೆಯವರು ಮುದ್ದೆ ಅಂದ್ರೆ ಮೂಗು ಮುರಿಯೋರು, ಕೇಳಿ ಹಾಕಿಸ್ಕೊಂಡ್ರು. ನಿಮ್ಮ ರಾಗಿ ಅಷ್ಟೇ ಅಷ್ಟಿತ್ತಲ್ಲ, ಪಾಪ ಅನ್ನಿಸ್ತು, ಒಂದು ತಂದೆ. ಬಿಸಿ ಇದೆ, ತಿನ್ನಿ."

ಯಜಮಾನರು ಡಬ್ಬಿ ತೆಗೆದು ಮೊದಲು ವಾಸನೆ ನೋಡಿದರು. ತುತ್ತು ಮುರಿದರು, ನುಂಗಿದರು, ಮುರಿದರು, ನುಂಗಿದರು. ಕಣ್ಣಲ್ಲಿ ನೀರು ಬಂತು. ಸಾರು ಖಾರವಾಯಿತು ಅಂದುಕೊಂಡು ಟೀಚರಮ್ಮ ಅವರೇ ಒಳಗೆ ಹೋಗಿ ನೀರು ತಂದುಕೊಟ್ಟರು.

"ಚೆನ್ನಾಗಿದೆ ಅಲ್ವಾ? ನಾನು ರಾಗಿ ತರೋ ಅಂಗಡಿ ತೋರಿಸ್ತೀನಿ, ನೀವೂ ಅಲ್ಲೇ ತಗೊಳ್ಳಿ" ಅಂದರು ಟೀಚರಮ್ಮ. "ಆ ಸೈಟಲ್ಲಿ ಸುಮ್ನೆ ಅಷ್ಟು ಕಷ್ಟಪಟ್ರಿ. ನಾನು ಹಬ್ಬದ ದಿನಾನೇ ನೋಡಿದ್ನಲ್ಲಾ, ಆ ಮಣ್ಣು ಗರಿಕೆಗೆ ಸರಿ, ರಾಗಿಗೆ ಆಗಿ ಬರಲ್ಲ."

ಯಜಮಾನರು ಬೆರಳು ನೆಕ್ಕಿಕೊಂಡು ಖಾಲಿ ಡಬ್ಬಿಯನ್ನು ಅವರ ಕಡೆ ಚಾಚಿದರು.

"ನಿಜ ಮೇಡಂ. ಇನ್ನೊಂದು ಮುದ್ದೆ ಉಳಿದಿದ್ಯಾ?"