ಮುಷ್ಟಿ ಅಕ್ಕಿಯ ತೆರಿಗೆ

ಬಜೆಟ್ ಬಂದಾಗ ನಾನು ಅಕ್ಕಿ ಹಸನು ಮಾಡುತ್ತಿದ್ದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಆದದ್ದಕ್ಕೆಲ್ಲ ಆ ಅಕ್ಕಿಯೇ ಕಾರಣ, ನನ್ನ ಬುದ್ಧಿಯಲ್ಲ ಎಂದು ವಾದಿಸುವುದಕ್ಕೆ ಅನುಕೂಲವಾಗುತ್ತದೆ. ಪ್ರತಿ ವರ್ಷ ಬಜೆಟ್ಟಿನ ದಿನ ನಮ್ಮ ಮನೆಯಲ್ಲಿ ಟಿವಿ ತನ್ನ ಪಾಡಿಗೆ ಮಾತಾಡುತ್ತದೆ, ನಾನು ನನ್ನ ಪಾಡಿಗೆ ಕೆಲಸ ಮಾಡುತ್ತೇನೆ. ಯಾವುದು ಏರಿತು, ಯಾವುದು ಇಳಿಯಿತು ಎಂದು ತಿಳಿಯಲು ನನಗೆ ಟಿವಿ ಬೇಕಿಲ್ಲ. ಮರುದಿನ ಕಿರಾಣಿ ಅಂಗಡಿಯವನೇ ಹೇಳುತ್ತಾನೆ. ಏರಿದ್ದನ್ನಷ್ಟೇ ಹೇಳುತ್ತಾನೆ, ಇಳಿದದ್ದು ಅವನ ಕಿವಿಗೆ ಬೀಳುವುದಿಲ್ಲ. ಆದರೆ ಆ ದಿನ ಕರೆಂಟು ಹೋಗಲಿಲ್ಲ, ಫ್ಯಾನು ತಿರುಗುತ್ತಿತ್ತು, ಅಕ್ಕಿಯಲ್ಲಿ ಕಲ್ಲು ಕಡಿಮೆ ಇತ್ತು. ಬಳ್ಳಾರಿಯ ಬಿಸಿಲಲ್ಲಿ ಮಧ್ಯಾಹ್ನ ಈ ಮೂರೂ ಒಟ್ಟಿಗೆ ಕೂಡಿ ಬಂದರೆ ಅದನ್ನು ಪ್ರಾಣದೇವರ ದಯೆ ಎಂದೇ ನಾನು ಎಣಿಸುವುದು. ಕೈ ಹಗುರಾಗಿದ್ದರಿಂದ ಕಿವಿ ಟಿವಿಯ ಕಡೆ ಹೋಯಿತು.

ಟಿವಿಯ ಹುಡುಗಿ ಬಹಳ ಚೆಂದ ಹೇಳಿದಳು. ಎಲ್ಲರಿಂದಲೂ ಒಂದೇ ಸಮ ತೆಗೆದುಕೊಳ್ಳುವುದು ನ್ಯಾಯವಲ್ಲವಂತೆ. ಹೆಚ್ಚು ಇರುವವರು ಹೆಚ್ಚು ಕೊಡಬೇಕಂತೆ, ಕಡಿಮೆ ಇರುವವರು ಕಡಿಮೆ. ದುಬಾರಿ ಕಾರು, ದೊಡ್ಡ ಬಂಗಲೆ ಕೊಳ್ಳುವವರಿಗೆ ತೆರಿಗೆ ಜಾಸ್ತಿ. ಆ ದುಡ್ಡಿನಲ್ಲಿ ದುಡಿಯುವ ತಾಯಂದಿರ ಮಕ್ಕಳನ್ನು ಹಗಲು ಹೊತ್ತು ನೋಡಿಕೊಳ್ಳುವ ಮನೆ. ನನ್ನ ಮೊರದಲ್ಲಿ ಅಕ್ಕಿ ಅಲ್ಲೇ ನಿಂತಿತು. ಯಾಕೆಂದರೆ ಅಂಥ ಒಂದು ಮನೆ ನಮ್ಮ ಓಣಿಯಲ್ಲೇ ಇತ್ತು, ಮತ್ತು ಅದು ಬರುವ ಸೋಮವಾರ ಮುಚ್ಚುವುದರಲ್ಲಿತ್ತು.

ಆ ಮನೆಯ ವಿಷಯ ಹೇಳಬೇಕು. ನಮ್ಮ ಓಣಿಯ ಪ್ರಾಣದೇವರ ಗುಡಿಗೆ ಅಂಟಿಕೊಂಡು ಒಂದು ಭಜನೆಯ ಕೋಣೆ ಇದೆ. ಬೆಳಿಗ್ಗೆ ನಮ್ಮ ಮಹಿಳಾ ಮಂಡಳಿಯ ಭಜನೆ ಮುಗಿದರೆ ಮರುದಿನದವರೆಗೆ ಅಲ್ಲಿ ಇರುವುದು ತಾಳ, ತಂಬೂರಿ ಮತ್ತು ಎರಡು ಹಲ್ಲಿ. ಹೋದ ವರ್ಷ ಹುಸೇನಬಿ ಒಂದು ದಿನ ಬಾಗಿಲಲ್ಲಿ ನಿಂತು ಕೇಳಿದಳು. ಅವಳು ಜೀನ್ಸ್ ಪ್ಯಾಂಟು ಹೊಲಿಯುವ ಕಾರ್ಖಾನೆಗೆ ಹೋಗುತ್ತಾಳೆ. ಅಂಗನವಾಡಿ ಮಧ್ಯಾಹ್ನ ಮುಗಿಯುತ್ತದೆ, ಕಾರ್ಖಾನೆ ಸಂಜೆ ಆರಕ್ಕೆ ಬಿಡುತ್ತದೆ. ನಡುವಿನ ಹೊತ್ತಿನಲ್ಲಿ ಮಗಳು ಓಣಿಯ ಚರಂಡಿ ದಂಡೆಯಲ್ಲಿ ಬೆಳೆಯುತ್ತಿದ್ದಳು. "ಅಕ್ಕಾರೆ, ಕೋಣಿ ಖಾಲೀನ ಐತಲ್ರಿ, ಒಂದು ಮೂಲಿಯಾಗ ಕುಂದ್ರಿಸಿ ಹೋಗ್ಲೇನ್ರಿ?" ಎಂದಳು. ಹೀಗೆ ಒಂದು ಕೂಸಿನಿಂದ ಶುರುವಾಯಿತು. ಆಮೇಲೆ ಕುರುಗೋಡಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರುವ ಟೀಚರ್ ಶೈಲಾಳ ಮಗ ಬಂದ. ಆಮೇಲೆ ಇನ್ನಷ್ಟು ಮಕ್ಕಳು. ಹೆಂಗಸರು ಸರದಿಯಂತೆ ನೋಡಿಕೊಂಡೆವು. ಕೂತ ಮಕ್ಕಳಿಗೆ ಹಸಿವಾಗುತ್ತದೆ ಎಂಬ ಸಂಗತಿ ಮಾತ್ರ ಎರಡನೆಯ ದಿನ ಗೊತ್ತಾಯಿತು.

ಅದಕ್ಕೆ ಮುಷ್ಟಿ ಅಕ್ಕಿ ಒದಗಿ ಬಂತು. ಅನ್ನಕ್ಕೆ ಇಡುವ ಮೊದಲು ದೇವರ ಹೆಸರಿನಲ್ಲಿ ಒಂದು ಮುಷ್ಟಿ ಅಕ್ಕಿ ತೆಗೆದು ಬೇರೆ ಡಬ್ಬಿಗೆ ಹಾಕುವುದು ನಮ್ಮ ಅತ್ತೆಯವರ ಕಾಲದಿಂದ ಬಂದ ಪದ್ಧತಿ. ಮೊದಲು ಅದು ಗುಡಿಗೆ ಹೋಗುತ್ತಿತ್ತು, ಈಗ ಗುಡಿಯ ಪಕ್ಕದ ಕೋಣೆಗೆ ಹೋಗತೊಡಗಿತು. ಪ್ರಾಣದೇವರು ತಕರಾರು ಮಾಡಲಿಲ್ಲ. ಓಣಿಯ ಎಲ್ಲ ಮನೆಗೂ ಒಂದೇ ಲೆಕ್ಕ, ಮನೆಗೊಂದು ಮುಷ್ಟಿ. ಡಬ್ಬಿಯ ಯಜಮಾನಿಕೆ ನನ್ನದು. ನನ್ನ ಕೈ ಬಹಳ ಸಣ್ಣದು. ಬಳೆಗಾರ ಪ್ರತಿ ಸಲವೂ "ಅವ್ವಾರೆ, ಇದು ಸಣ್ಣ ಹುಡುಗೀರ ಅಳತಿರಿ" ಎನ್ನುತ್ತಾನೆ, ನಾನು ಪ್ರತಿ ಸಲವೂ ಹಿಗ್ಗುತ್ತೇನೆ. ಸಣ್ಣ ಕೈಗೆ ಬಳೆ ಮಾತ್ರವಲ್ಲ, ಮುಷ್ಟಿಯೂ ಸಣ್ಣದೇ ಎಂಬುದನ್ನು ನಾನಾಗಿ ಯಾರಿಗೂ ಹೇಳಿರಲಿಲ್ಲ.

ಮಕ್ಕಳು ಹೆಚ್ಚಾದರು, ಮುಷ್ಟಿ ಅಷ್ಟೇ ಉಳಿಯಿತು. ಅನ್ನ ಗಂಜಿಯಾಯಿತು, ಗಂಜಿ ತಿಳಿಯಾಯಿತು. ಬಜೆಟ್ಟಿನ ಹಿಂದಿನ ದಿನ ಹುಸೇನಬಿ ಬಂದು, "ಮಗಳು ಸಂಜೀಕ ಹಸಿದು ಅಳ್ತಾಳ್ರಿ. ಸೋಮವಾರದಿಂದ ಕೆಲಸ ಬಿಡ್ತೀನ್ರಿ ಅಕ್ಕಾರೆ. ಮನಿಯಾಗ ಕುಂತು ಗುಂಡಿ ಹಚ್ಚಿದ್ರ ಒಂದೀಟು ಸಿಗ್ತೈತಿ," ಎಂದಿದ್ದಳು. ಅವಳ ಮನೆಯಲ್ಲಿ ಒಂಬತ್ತು ಬಾಯಿ, ಸಂಬಳ ತರುವವಳು ಅವಳೊಬ್ಬಳೇ. ಅವಳು ಬಿಟ್ಟರೆ ಉಳಿದ ತಾಯಂದಿರೂ ಬಿಡುತ್ತಾರೆ, ಕೋಣೆ ಮತ್ತೆ ಹಲ್ಲಿಗಳ ಪಾಲಾಗುತ್ತದೆ.

ಅಕ್ಕಿ ತುಂಬಿದ ಮೊರವನ್ನು ಅಲ್ಲೇ ಇಟ್ಟು ಎದ್ದೆ. ಸಂಜೆ ಮಂಡಳಿಯ ಸಭೆ ಕರೆದು ನನ್ನ ಬಜೆಟ್ ಮಂಡಿಸಿದೆ. ಹೆಚ್ಚು ಇರುವವರು ಹೆಚ್ಚು ಮುಷ್ಟಿ, ಕಡಿಮೆ ಇರುವವರು ಕಡಿಮೆ. ಎಲ್ಲರೂ ತಲೆ ಆಡಿಸಿದರು. ಯಾರಲ್ಲಿ ಹೆಚ್ಚಿದೆ ಎಂದು ಕೇಳಿದೆ ನೋಡಿ, ಆಡುತ್ತಿದ್ದ ತಲೆಗಳೆಲ್ಲ ನಿಂತವು. ಆ ಸಂಜೆಯಷ್ಟು ಬಡತನವನ್ನು ನಮ್ಮ ಓಣಿ ಎಂದೂ ಕಂಡಿರಲಿಲ್ಲ. ಮೂರು ಅಂತಸ್ತಿನ ಮನೆಯ ಸುಲೋಚನಮ್ಮನ ಯಜಮಾನರು ಕಂಟ್ರಾಕ್ಟರು, ಅವರ ಕಾರು ಓಣಿಗೆ ತಿರುಗಿದರೆ ಹಾಲಿನವನ ಸೈಕಲ್ಲು ಯಾರದಾದರೂ ಮನೆಯೊಳಗೆ ಹೋಗಬೇಕು. ಆಕೆ ನನ್ನನ್ನು ತೆಲುಗಿನಲ್ಲಿ ಅತ್ತಿಗೆಯೆಂದು ಕರೆಯುವುದು. "ಏಮಿ ವದಿನಾ, ಆ ಕಾರು ಸಾಲದ್ದು, ಮನಿ ಸಾಲದ್ದು. ನಮ್ಮದು ಅಂತ ಇರೋದು ಬಿ.ಪಿ. ಒಂದಾ," ಎಂದಳು. ಗಂಡನ ಸಂಬಳ ಕೇಳೋಣವೆಂದರೆ ಅದು ಅರ್ಧದಷ್ಟು ಹೆಂಗಸರಿಗೆ ಗೊತ್ತೇ ಇಲ್ಲ. ಗೊತ್ತಿದ್ದ ಉಳಿದರ್ಧ ಜನ ಮರೆತುಬಿಟ್ಟರು.

ಆಗ ನನಗೆ ಒಂದು ಉಪಾಯ ಹೊಳೆಯಿತು. ಹೊಳೆದ ಕೂಡಲೇ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ, ಬೇರೆ ಯಾರೂ ತಟ್ಟುವ ಲಕ್ಷಣ ಕಾಣಲಿಲ್ಲ. ಸಂಬಳ ಬಚ್ಚಿಡಬಹುದು, ಕುಕ್ಕರು ಬಚ್ಚಿಡಲು ಬರುತ್ತದೆಯೇ? ಅದು ತಾನೇ ಕೂಗಿ ಓಣಿಗೆಲ್ಲ ಹೇಳುತ್ತದೆ. ಹಾಗಾಗಿ ತೆರಿಗೆ ಕುಕ್ಕರಿನ ಮೇಲೆ. ಮೂರು ಲೀಟರಿನವರೆಗೆ ಒಂದು ಮುಷ್ಟಿ, ಐದು ಲೀಟರಿಗೆ ಎರಡು, ಅದಕ್ಕಿಂತ ದೊಡ್ಡದಕ್ಕೆ ನಾಲ್ಕು. ಎಲ್ಲರೂ ಒಪ್ಪಿದರು. ನಾನೂ ಸಂತೋಷದಿಂದ ಒಪ್ಪಿದೆ, ಏಕೆಂದರೆ ನಮ್ಮ ಕುಕ್ಕರು ಮೂರು ಲೀಟರಿನದು. ಅದರಲ್ಲಿ ನಾನು ಬೇಳೆ ಬೇಯಿಸುತ್ತೇನೆ. ಅನ್ನ ಮಾಡುವುದು ತಪ್ಪೇಲಿಯಲ್ಲಿ, ಅತ್ತೆಯವರ ಕಾಲದ ದೊಡ್ಡ ತಪ್ಪೇಲಿ. ಕಾನೂನಿನಲ್ಲಿ ತಪ್ಪೇಲಿಯ ಮಾತೇ ಇರಲಿಲ್ಲ. ಕಾನೂನು ಬರೆದವಳು ನಾನೇ.

ಮರುದಿನ ಬೆಳಿಗ್ಗೆ ಸುಲೋಚನಮ್ಮ ಸೆರಗಿನ ಮರೆಯಿಂದ ಒಂದು ಕುಕ್ಕರು ತೆಗೆದು ತೋರಿಸಿದಳು. ಎರಡು ಲೀಟರು. ಗೊಂಬೆಗಳ ಮದುವೆಗೆ ಅಡಿಗೆ ಮಾಡಬಹುದು, ಅಷ್ಟಿತ್ತು. "ಇಬ್ಬರಾ ಮಂದಿ ವದಿನಾ, ಸುಗರ್ ಬೇರೆ, ಅನ್ನ ಮುಟ್ಟಲ್ಲ," ಎಂದು ಒಂದು ಮುಷ್ಟಿ ಹಾಕಿ ಹೋದಳು. ಅವಳ ಹಿಂದೆಯೇ ಹುಸೇನಬಿ ಬಂದಳು. ಸೆರಗಿನಲ್ಲಿ ಗಂಟು. ಬಿಚ್ಚಿ "ಬಿಸ್ಮಿಲ್ಲಾ" ಎಂದು ಡಬ್ಬಿಗೆ ಹಾಕತೊಡಗಿದಳು. ಒಂದು, ಎರಡು, ಮೂರು, ನಾಲ್ಕು.

"ಇದೇನ ಹುಸೇನಬಿ?" ಎಂದೆ.

"ನಮ್ದು ಎಂಟು ಲೀಟರಿಂದ್ರಿ ಅಕ್ಕಾರೆ. ಒಂಬತ್ತು ಮಂದಿಗೆ ಸಣ್ಣದು ಸಾಲಂಗಿಲ್ಲಲ್ರಿ. ಕಾನೂನು ಅಂದ್ರ ಕಾನೂನು."

ಅವಳು ಚುಚ್ಚಿ ಹೇಳಲಿಲ್ಲ. ಚುಚ್ಚಿದ್ದರೆ ನಾನೂ ಒಂದು ಮಾತು ಅಂದು ಹಗುರಾಗುತ್ತಿದ್ದೆ. ರೇಷನ್ ಅಕ್ಕಿಯನ್ನು ಎಣಿಸಿ ತಿನ್ನುವ ಮನೆಯಿಂದ ನಾಲ್ಕು ಮುಷ್ಟಿ, ಕಾರಿನ ಮನೆಯಿಂದ ಒಂದು, ಸಿರುಗುಪ್ಪದ ಗಿರಣಿಯಿಂದ ನೇರ ಸೋನಾ ಅಕ್ಕಿಯ ಮೂಟೆ ಬಂದು ಬೀಳುವ ನನ್ನ ಮನೆಯಿಂದ ಒಂದು, ಅದೂ ಬಳೆಗಾರ ಮೆಚ್ಚಿದ ಸಣ್ಣ ಮುಷ್ಟಿ. ಅವಳ ನಾಲ್ಕನ್ನೂ ವಾಪಸು ಕೊಡಲು ಹೋದೆ, ಅವಳು ಕೈ ಹಿಂದೆ ಕಟ್ಟಿಕೊಂಡಳು.

ಸಂಜೆ ಮನೆಯವರಿಗೆ ಹೇಳಿದೆ. ಅವರು ಸಿರುಗುಪ್ಪದ ಕಚೇರಿಯಲ್ಲಿ ಗುಮಾಸ್ತರು, ಬಸ್ಸಿನ ಧೂಳಿನಲ್ಲಿ ಬಂದು ಕಾಲು ತೊಳೆಯುತ್ತಿದ್ದರು. ತೊಳೆಯುತ್ತಲೇ ನಕ್ಕರು. "ಏ ಪದ್ದಿ, ನೀ ಹಾಕಿದ್ದು ಸಿರಿವಂತಿಕಿ ಮ್ಯಾಲಿನ ತೆರಿಗಿ ಅಲ್ಲ, ಹೊಟ್ಟಿ ಮ್ಯಾಲಿಂದು. ಮಂದಿ ಹೆಚ್ಚಿದ್ದಲ್ಲೆ ಕುಕ್ಕರು ದೊಡ್ಡದಿರ್ತದ. ಉಣ್ಣೋದರ ಮ್ಯಾಲ ಹಾಕಿದರ ಬಡವರೇ ಕೊಡೋದು ಜಾಸ್ತಿ ಆಗ್ತದ, ಅಷ್ಟೂ ತಿಳೀಲಿಲ್ಲೇನು?" ಇಷ್ಟು ವರ್ಷ ಕಚೇರಿಯಲ್ಲಿ ಕೂತು ಅವರು ಇದನ್ನೆಲ್ಲ ಕಲಿತಿದ್ದಾರೆಂದು ನನಗೆ ಗೊತ್ತಿರಲಿಲ್ಲ. ಮನೆಗೆ ಬಂದು ಕೇಳುವುದು ಚಹಾ ಒಂದನ್ನೇ ಅಲ್ಲವೇ.

ಮರುದಿನ ಸಭೆಯಲ್ಲಿ ನನ್ನ ಬಜೆಟ್ ತಪ್ಪಾಯಿತೆಂದು ಒಪ್ಪಿಕೊಂಡೆ. ಹಾಗಾದರೆ ಯಾವುದನ್ನು ಅಳೆಯುವುದು? ಬೀರು ಎಂದರು ಯಾರೋ, ಬಂಗಾರ ಎಂದರು ಇನ್ಯಾರೋ, ಎಲ್ಲರೂ ಕೊರಳು ಮುಚ್ಚಿಕೊಂಡರು. ಬಾಗಿಲ ಬಳಿ ಮಗಳ ತಲೆ ಬಾಚುತ್ತಿದ್ದ ಹುಸೇನಬಿ ಬಾಚಣಿಗೆ ನಿಲ್ಲಿಸದೆ ಹೇಳಿದಳು: "ಎಷ್ಟು ತಿಂತೀರಂತ ಯಾಕ ಕೇಳ್ತೀರಿ ಅಕ್ಕಾರೆ? ತಿಂದು ಎಷ್ಟು ಉಳೀತೈತಿ ಅಂತ ಕೇಳ್ರಿ."

"ಉಳಿದದ್ದು ಯಾರು ಹೇಳ್ತಾರ ತಾಯಿ?"

"ಮನಷ್ಯಾರು ಹೇಳಂಗಿಲ್ರಿ. ಗೌರಿನ ಕೇಳ್ರಿ."

ಗೌರಿ ಎಂದರೆ ಓಣಿಯ ಹಸು. ಯಾರದೆಂದು ಯಾರಿಗೂ ಗೊತ್ತಿಲ್ಲ, ಅವಳು ಮಾತ್ರ ಓಣಿ ತನ್ನದೆಂದು ತಿಳಿದಿದ್ದಾಳೆ. ಬೆಳಿಗ್ಗೆ ಭಜನೆ ಮುಗಿಯುವ ಹೊತ್ತಿಗೆ ಮನೆಮನೆ ಸುತ್ತುತ್ತಾಳೆ. ಏನೂ ಉಳಿಯದ ಮನೆಯ ಮುಂದೆ ನಿಲ್ಲುವುದಿಲ್ಲ, ಹೆಚ್ಚು ಉಳಿಯುವ ಮನೆಯ ಮುಂದಿನಿಂದ ಕದಲುವುದಿಲ್ಲ. ಹೆಂಗಸರೆಲ್ಲ ಹೋ ಎಂದು ನಕ್ಕು ಒಪ್ಪಿದರು. ನಾಳೆ ಗೌರಿ ಎಷ್ಟು ಹೊತ್ತು ಎಲ್ಲಿ ನಿಲ್ಲುತ್ತಾಳೋ ಅದರ ಪ್ರಕಾರ ಮುಷ್ಟಿ. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು, ಒಳಗೊಳಗೆ ಬೆವತವಳೂ ನಾನೇ.

ಇಲ್ಲಿ ನಾನೊಂದು ತಪ್ಪೊಪ್ಪಿಕೊಳ್ಳಬೇಕು. ನನಗೆ ಅಳತೆಯಿಟ್ಟು ಅನ್ನ ಮಾಡಲು ಬರುವುದಿಲ್ಲ. ಅತಿಥಿ ಬಂದರೆ ಎಂದು ಒಂದು ಪಾವು, ಮನೆಯವರು ಇನ್ನೊಮ್ಮೆ ಬಡಿಸಿಕೊಂಡರೆ ಎಂದು ಅರ್ಧ ಪಾವು, ತಪ್ಪೇಲಿ ದೊಡ್ಡದಿದೆಯಲ್ಲ ಎಂದು ಇನ್ನರ್ಧ. ಅತಿಥಿ ಬರುವುದಿಲ್ಲ, ಮನೆಯವರು ಬಡಿಸಿಕೊಳ್ಳುವುದಿಲ್ಲ, ತಪ್ಪೇಲಿ ಮಾತ್ರ ದೊಡ್ಡದಾಗಿಯೇ ಉಳಿಯುತ್ತದೆ. ಬೆಳಿಗ್ಗೆ ಅದನ್ನು ಬೋಗುಣಿಗೆ ಸುರಿದು "ಗೋಗ್ರಾಸ" ಎಂದು ಹೇಳಿ ಗೌರಿಯ ಮುಂದೆ ಇಡುತ್ತೇನೆ. ಗೋಗ್ರಾಸವೆಂದರೆ ಊಟಕ್ಕೆ ಮೊದಲೇ ಎತ್ತಿಡುವ ಶುದ್ಧ ತುತ್ತು. ನಾನು ಕೊಡುತ್ತಿದ್ದದ್ದು ನಿನ್ನೆ ರಾತ್ರಿಯ ತಂಗಳು. ಹೆಸರು ಬದಲಿಸಿದರೆ ಪಾಪ ಪುಣ್ಯವಾಗುತ್ತದೆ ಎಂದು ನಂಬಿದ್ದೆ. ದೊಡ್ಡ ದೊಡ್ಡವರೂ ಹಾಗೆಯೇ ನಂಬಿ ತೆರಿಗೆ ಉಳಿಸುತ್ತಾರೆಂದು ಆಮೇಲೆ ತಿಳಿಯಿತು.

ಮರುದಿನ ಬೆಳಿಗ್ಗೆ ಬೋಗುಣಿಯನ್ನು ಹೊರಗಿಡಲೇ ಇಲ್ಲ. ಅಡಿಗೆಮನೆಯ ಮೂಲೆಯಲ್ಲಿಟ್ಟು, ಮೇಲೆ ಬುಟ್ಟಿ ಬೋರಲು ಹಾಕಿ, ಪ್ರಾಣದೇವರೇ ಇದೊಂದು ದಿನ ಎಂದು ಕೈಮುಗಿದು ಭಜನೆಗೆ ಹೋದೆ. ಭಜನೆ ಮುಗಿಸಿ ಎಲ್ಲರೂ ಗುಡಿಯ ಕಟ್ಟೆಯ ಮೇಲೆ ಕೂತೆವು. ಗೌರಿ ಬಂದಳು. ಹುಸೇನಬಿಯ ಮನೆಯ ಮುಂದೆ ಕುತ್ತಿಗೆ ಕೂಡ ತಿರುಗಿಸಲಿಲ್ಲ. ಶೈಲಾಳ ಮನೆಯ ಮುಂದೆ ಒಂದು ಬಾಳೆಹಣ್ಣಿನ ಸಿಪ್ಪೆಯಷ್ಟು ಹೊತ್ತು. ಸುಲೋಚನಮ್ಮನ ಗೇಟಿನ ಮುಂದೆ ಪೂರಿ, ಪುಳಿಯೋಗರೆ, ಇನ್ನೂ ಏನೇನೋ ಮೆಲ್ಲುತ್ತಾ ನಿಂತಳು. "ಅಬ್ಬಾ, ಸುಗರ್ ಇದ್ದವರ ಮನೀಲಿ!" ಎಂದೆ ನಾನು, ಸುಮ್ಮನಿರಬಾರದೇ.

ಆಮೇಲೆ ಗೌರಿ ನೇರ ನನ್ನ ಮನೆಗೆ ಬಂದಳು. ಬೋಗುಣಿ ಇರಲಿಲ್ಲ. ಹೋಗುತ್ತಾಳೆ ಎಂದುಕೊಂಡೆ. ಹೋಗಲಿಲ್ಲ. ಎರಡು ಮೆಟ್ಟಿಲು ಹತ್ತಿ, ಮೂತಿಯನ್ನು ಬಾಗಿಲ ಗ್ರಿಲ್ಲಿಗೆ ಒತ್ತಿ, ಮೂರು ಮನೆಗೆ ಕೇಳುವಂತೆ "ಅಂಬಾ" ಎಂದಳು. ಮತ್ತೆ ಅಂದಳು. ಕಟ್ಟೆಯ ಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಗುಡಿಯ ಗೋಪುರ ನೋಡಿದೆ. ಅಷ್ಟರಲ್ಲಿ ಬಾಗಿಲು ತೆರೆಯಿತು. ಪೂಜೆಯ ಪಂಚೆಯುಟ್ಟ ಮನೆಯವರು ಎರಡೂ ಕೈಯಲ್ಲಿ ಬೋಗುಣಿ ಹೊತ್ತು ಬಂದು ಓಣಿಗೆಲ್ಲ ಕೇಳುವ ಹಾಗೆ ಕೂಗಿದರು: "ಏ ಪದ್ದಿ! ಇಷ್ಟು ಅನ್ನ ಬುಟ್ಟಿ ಕೆಳಗ ಯಾಕ ಮುಚ್ಚಿಟ್ಟೀ? ಪಾಪ, ಗೌರಿ ಕಾಯ್ಲಿಕತ್ತಾಳ!"

ಆ ನಗು ನಿಲ್ಲಲು ಬಹಳ ಹೊತ್ತು ಬೇಕಾಯಿತು. "ಏಮಿ ವದಿನಾ, ಇನ್ಸ್‌ಪೆಕ್ಟರ್ ಮನೀಗೇ ರೇಡು ಬಿತ್ತೇ!" ಎಂದು ಸುಲೋಚನಮ್ಮ ಕಣ್ಣೊರೆಸಿಕೊಂಡಳು. ನನಗೆ ಐದು ಮುಷ್ಟಿ ಬಿತ್ತು, ಓಣಿಯಲ್ಲಿ ಎಲ್ಲರಿಗಿಂತ ಹೆಚ್ಚು. ನನಗಿಂತ ಕಡಿಮೆ ಕೊಡುವ ಖುಷಿಯಲ್ಲಿ ಸುಲೋಚನಮ್ಮ ನಾಲ್ಕಕ್ಕೆ ತಾನಾಗಿ ಒಪ್ಪಿಬಿಟ್ಟಳು. ಹುಸೇನಬಿಗೆ ಏನೂ ಇಲ್ಲ ಎಂದೆವು. ಅವಳು ಕೇಳಲಿಲ್ಲ. "ಒಂದು ಮುಷ್ಟಿ ಹಾಕೇ ಹಾಕ್ತೀನ್ರಿ. ನಾಳೆ ನನ್ನ ಮಗಳು ಎರಡನೇ ಸಲ ಅನ್ನ ಕೇಳಿದ್ರ ನಾಚಿಕಿ ಬರಬಾರದಲ್ರಿ," ಎಂದಳು. ಸೋಮವಾರ ಬೆಳಿಗ್ಗೆ ಅವಳು ಡಬ್ಬಿ ಊಟ ಹಿಡಿದು ಕಾರ್ಖಾನೆಯ ಕಡೆ ಹೋಗುವುದನ್ನು ಕಿಟಕಿಯಿಂದ ನೋಡಿದೆ. ಪ್ರಾಣದೇವರ ಆ ದಿನದ ದಯೆಗಳಲ್ಲಿ ಅದನ್ನು ಮೊದಲು ಎಣಿಸಿದೆ.

ಆಮೇಲೆ ಅನ್ನಕ್ಕಿಡಲು ಅಕ್ಕಿ ಡಬ್ಬಿ ತೆರೆದೆ. ನನ್ನ ಐದು ಮುಷ್ಟಿ ತೆಗೆದಿಟ್ಟು ನೋಡಿದರೆ ನನಗೇ ಅದು ಮೂರರಷ್ಟು ಕಂಡಿತು. ನಿಟ್ಟುಸಿರು ಬಿಟ್ಟು ಅದನ್ನು ಡಬ್ಬಿಗೇ ವಾಪಸು ಸುರಿದು, "ಏನ್ರೀ, ಸ್ವಲ್ಪ ಇಲ್ಲಿ ಬರ್ರಿ, ನಿಮ್ಮ ಕೈ ಬೇಕಾಗ್ಯದ," ಎಂದು ಕರೆದೆ. ಬಸ್ಸಿಗೆ ಹೊತ್ತಾಯಿತೆನ್ನುತ್ತಲೇ ಅವರು ಬಂದು ತಮ್ಮ ಅಗಲವಾದ ಕೈಯಲ್ಲಿ ಐದು ಸಲ ಮೊಗೆದರು. ಮೂರನೆಯದಕ್ಕೆ "ಅಷ್ಟು ತುಂಬಿ ಹಿಡೀಬ್ಯಾಡ್ರಿ" ಎಂಬ ಮಾತು ನನ್ನ ಬಾಯಿಂದ ಬಂದೇಬಿಟ್ಟಿತು. ಅಂದು ಅನ್ನಕ್ಕೂ ಅಕ್ಕಿ ಅಳೆದೇ ಇಟ್ಟೆ, ಅತಿಥಿಯ ಪಾವಿಲ್ಲದೆ. ಹೀರೇಕಾಯಿ ಹೆರೆಯಲು ಕೂತೆ. ಬಾಗಿಲಲ್ಲಿ ಗೌರಿ ಬಂದು ನಿಂತಿದ್ದಳು. ಹೀರೇಕಾಯಿ ಸಿಪ್ಪೆಯ ಚಟ್ನಿ ನನಗೆ ಪ್ರಾಣ. ಗೌರಿ ನನ್ನನ್ನೇ ನೋಡುತ್ತಿದ್ದಳು. ಅರ್ಧ ಸಿಪ್ಪೆ ಚಟ್ನಿಗೆ ಎತ್ತಿಟ್ಟು, ಅರ್ಧ ಅವಳಿಗೆ ಹಾಕಿ, ಗೋಗ್ರಾಸ ಎಂದು ಬಾಯಿತಪ್ಪಿಯೂ ಹೇಳದೆ, ಎರಡನೆಯ ಹೀರೇಕಾಯಿ ಕೈಗೆತ್ತಿಕೊಂಡೆ.